ಪಾಠಕ್ಕೆ ವಿಜ್ಞಾನದ ಚಿತ್ರಗಳು: ಯಾವ ಫಾರ್ಮ್ಯಾಟಿನಲ್ಲಿ ಇಡೋಣ, ಯಾವುದರಲ್ಲಿ ತೋರಿಸೋಣ?

ಗೋಣಿಕೊಪ್ಪ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳಿಗೋಸ್ಕರ ಒಂದು ಚಿತ್ರಸಂಗ್ರಹ ಕಟ್ಟುತ್ತಿದ್ದೇವೆ. ಕೊಡಗಿನ ಮಕ್ಕಳು ದಿನಾ ನೋಡುವ ವಿಷಯಗಳನ್ನೇ ಇನ್ನಷ್ಟು ಹತ್ತಿರದಿಂದ ತೋರಿಸಬೇಕು ಅನ್ನೋದು ಆಸೆ. ಕಾಫಿ ಎಲೆಯ ತುಕ್ಕುರೋಗದ ಬೀಜಕಣಗಳು, ಬಿಳಿ ಕಾಂಡಕೊರಕ ಕೊರೆದ ಅರೇಬಿಕಾ ಕಾಂಡದ ಸೀಳು, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಜಾಗಗಳ ಉಪಗ್ರಹ ಚಿತ್ರ, ಜೊತೆಗೆ ಒಂದಿಷ್ಟು ಆಕಾಶದ ಚಿತ್ರಗಳು.

ಬಂದಿರುವ ಫೈಲುಗಳು ಒಂದೊಂದು ಒಂದೊಂದು ಥರ. ಮೈಕ್ರೋಸ್ಕೋಪಿನ ಕ್ಯಾಮೆರಾದಿಂದ ಬಂದ ಟಿಫ್ ಫೈಲು ತೆರೆದರೆ ಪರದೆ ಪೂರ್ತಿ ಕಪ್ಪು. ಉಪಗ್ರಹದ ಫೈಲನ್ನು ಬ್ರೌಸರಿಗೆ ಎಳೆದು ಹಾಕಿದರೆ ತೆರೆಯುವುದೇ ಇಲ್ಲ. ಆಕಾಶದ ಚಿತ್ರಗಳು ಫಿಟ್ಸ್ ಅನ್ನುವ ಫಾರ್ಮ್ಯಾಟಿನಲ್ಲಿವೆ, ಅದನ್ನು ಡಬಲ್ ಕ್ಲಿಕ್ ಮಾಡಿದರೆ ಯಾವ ಪ್ರೋಗ್ರಾಮಿನಲ್ಲಿ ತೆರೆಯಲಿ ಅಂತ ಕಂಪ್ಯೂಟರೇ ನಮ್ಮನ್ನು ಕೇಳುತ್ತದೆ. ಲ್ಯಾಬಿನ ಕಂಪ್ಯೂಟರುಗಳು ಹಳೆಯವು, 4 ಜಿಬಿ ರ‍್ಯಾಮ್, ಕೆಲವದರಲ್ಲಿ ಲಿನಕ್ಸ್, ಕೆಲವದರಲ್ಲಿ ವಿಂಡೋಸ್. ಯಾವ ಫಾರ್ಮ್ಯಾಟಿನಲ್ಲಿ ಇಟ್ಟುಕೊಳ್ಳಬೇಕು, ನೋಡಲು ಯಾವ ವ್ಯೂವರ್ ಹಾಕಬೇಕು? ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ನಮಗೆ ಆಗುವುದಿಲ್ಲ.

ಕುಶಾಲನಗರ ಸ್ಟುಡಿಯೋ:
ಮೇಷ್ಟ್ರೇ, ಎಲ್ಲವನ್ನೂ ಜೆಪೆಗ್ ಮಾಡಿಬಿಡಿ. ಯಾವ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ತೆರೆಯುತ್ತೆ. ಕ್ವಾಲಿಟಿ 95 ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಮದುವೆ ಆಲ್ಬಮ್ಮುಗಳನ್ನು ನಾವು ಕೊಡೋದೂ ಹಾಗೇ.

ಪೊನ್ನಂಪೇಟೆ ಲ್ಯಾಬ್:
ಜೆಪೆಗ್ ವಿಚಾರಕ್ಕೆ ಆಮೇಲೆ ಬರ್ತೀನಿ, ಮೊದಲು ಆ ಕಪ್ಪು ಪರದೆ. ಮೇಷ್ಟ್ರೇ, ಆ ಫೈಲು ಕೆಟ್ಟಿಲ್ಲ, ದಯವಿಟ್ಟು ಅಳಿಸಬೇಡಿ.

ಮೈಕ್ರೋಸ್ಕೋಪಿಗೆ ಹಾಕುವ ಕ್ಯಾಮೆರಾಗಳಲ್ಲಿ ಬಹಳಷ್ಟು 12 ಬಿಟ್‌ನವು. ಅಂದರೆ ಪ್ರತಿ ಪಿಕ್ಸೆಲ್ಲಿನ ಬೆಳಕನ್ನು 0ಯಿಂದ 4095ರ ತನಕದ ಒಂದು ಸಂಖ್ಯೆಯಾಗಿ ಬರೆಯುತ್ತವೆ. ಆದರೆ ಫೈಲಿನಲ್ಲಿ ಇಡುವಾಗ 12 ಬಿಟ್‌ಗೆ ಪ್ರತ್ಯೇಕ ಜಾಗ ಮಾಡದೆ 16 ಬಿಟ್‌ನಲ್ಲೇ ಇಡುತ್ತವೆ, ಅದರ ಗರಿಷ್ಠ 65535. ಕಂಪ್ಯೂಟರಿನ ಜೊತೆ ಬರುವ ಸಾಮಾನ್ಯ ಫೋಟೋ ವ್ಯೂವರು 65535 ಅಂದರೆ ಬಿಳಿ ಅಂತ ತಿಳಿದುಕೊಂಡಿರುತ್ತದೆ. ನಿಮ್ಮ ಚಿತ್ರದ ಅತಿ ಹೊಳೆಯುವ ಜಾಗವೇ 4095, ಅಂದರೆ ಆ ಅಳತೆಯ ಶೇ. 6ರಷ್ಟು. ದೊಡ್ಡ ಡ್ರಮ್ಮಿನ ತಳದಲ್ಲಿ ಒಂದು ಕೊಡ ನೀರಿದ್ದ ಹಾಗೆ, ಮೇಲಿನಿಂದ ಬಗ್ಗಿ ನೋಡಿದರೆ ಕಾಣಿಸುವುದಿಲ್ಲ. ನೀರು ಮಾತ್ರ ಅಷ್ಟೂ ಇದೆ.

ಇಮೇಜ್‌ಜೆ ಹಾಕಿಕೊಳ್ಳಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದ ಪ್ರೋಗ್ರಾಮ್, 1997ರಿಂದ ಇದೆ, ಪೂರ್ತಿ ಉಚಿತ. ಜಾವಾ ಮೇಲೆ ಓಡುತ್ತದೆ, ಆದ್ದರಿಂದ ಲಿನಕ್ಸ್, ವಿಂಡೋಸ್ ಎರಡಕ್ಕೂ ಒಂದೇ. ಅದಕ್ಕೇ ಇನ್ನಷ್ಟು ಪ್ಲಗಿನ್ ಸೇರಿಸಿ ಕಟ್ಟಿಟ್ಟದ್ದು ಫಿಜಿ. ನಿಮಗೆ ಫಿಜಿಯೇ ಒಳ್ಳೆಯದು, ಯಾಕೆಂದರೆ ಅದರೊಳಗೆ ಬಯೋ-ಫಾರ್ಮ್ಯಾಟ್ಸ್ ಇರುತ್ತದೆ. ಮೈಕ್ರೋಸ್ಕೋಪ್ ತಯಾರಕರು ತಮ್ಮ ತಮ್ಮದೇ ಫಾರ್ಮ್ಯಾಟ್ ಮಾಡಿಕೊಂಡಿದ್ದಾರೆ, ಝೈಸ್‌ನದು ಸಿಝಡ್‌ಐ, ಲೈಕಾದ್ದು ಎಲ್‌ಐಎಫ್, ನಿಕಾನ್‌ನದು ಎನ್‌ಡಿ2. ಅಂಥ 150ಕ್ಕೂ ಹೆಚ್ಚು ಬಗೆಯನ್ನು ಅದು ಓದುತ್ತದೆ.

ಫೈಲು ತೆರೆದು ಇಮೇಜ್ ಮೆನುವಿನ ಅಡ್ಜಸ್ಟ್ ಒಳಗೆ ಬ್ರೈಟ್‌ನೆಸ್-ಕಾಂಟ್ರಾಸ್ಟ್‌ಗೆ ಹೋಗಿ. ಆಟೋ ಒತ್ತಿ. ಬೀಜಕಣಗಳು ಎದ್ದು ಬರುತ್ತವೆ. ಅಲ್ಲಿಗೆ ನಿಲ್ಲಿಸಿ, ಅದೇ ಕಿಟಕಿಯಲ್ಲಿರುವ ಅಪ್ಲೈ ಗುಂಡಿಯನ್ನು ಮಾತ್ರ ಒತ್ತಬೇಡಿ. ಆಟೋ ಬದಲಾಯಿಸುವುದು ತೋರಿಸುವ ರೀತಿಯನ್ನು. ಅಪ್ಲೈ ಬದಲಾಯಿಸುವುದು ಸಂಖ್ಯೆಗಳನ್ನೇ. ಅದನ್ನು ಒತ್ತಿ ಸೇವ್ ಮಾಡಿದರೆ ಕ್ಯಾಮೆರಾ ಅಳೆದ ಬೆಳಕು ಹೋಯಿತು, ವಾಪಸ್ ತರಲು ದಾರಿಯಿಲ್ಲ.

ನಾನು ನಮ್ಮ ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುವುದು ಇಷ್ಟನ್ನೇ: ಇಟ್ಟುಕೊಳ್ಳುವ ಫೈಲು ಬೇರೆ, ತೋರಿಸುವ ಫೈಲು ಬೇರೆ. ಎರಡಕ್ಕೂ ಒಂದೇ ಫಾರ್ಮ್ಯಾಟ್ ಹುಡುಕಲು ಹೋದಾಗಲೇ ಎಡವಟ್ಟಾಗುವುದು.

ಕುಶಾಲನಗರ ಸ್ಟುಡಿಯೋ:
ಸರಿ ಮೇಡಂ. ಆದರೆ ತೋರಿಸುವುದಕ್ಕೆ ಜೆಪೆಗ್ ಆಗಬಹುದಲ್ಲ?

ಪೊನ್ನಂಪೇಟೆ ಲ್ಯಾಬ್:
ಏನನ್ನು ತೋರಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ತೋಟದ ಫೋಟೋ, ಗಿಡದ ಫೋಟೋ, ಮೇಷ್ಟ್ರು ಹೇಳಿದ ಕಾಂಡದ ಸೀಳು, ಇವಕ್ಕೆ ಧಾರಾಳವಾಗಿ ಜೆಪೆಗ್ ಆಗಬಹುದು. 1992ರಲ್ಲಿ ಮಾನಕವಾದ ಈ ವಿಧಾನವನ್ನು ಮಾಡಿದ್ದೇ ಛಾಯಾಚಿತ್ರಗಳಿಗೆ.

ತುಕ್ಕಿನ ಬೀಜಕಣಕ್ಕೆ ಮಾತ್ರ ಬೇಡ ಅಂತ ಹೇಳ್ತೀನಿ. ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದೊಳಗಿನ ಸಣ್ಣ ಸಣ್ಣ ಏರಿಳಿತಗಳನ್ನು ಒರಟಾಗಿ ಹತ್ತಿರದ ಸಂಖ್ಯೆಗೆ ಹೊಂದಿಸಿಬಿಡುತ್ತದೆ. ಇದರ ಜೊತೆ ಬಹಳಷ್ಟು ಪ್ರೋಗ್ರಾಮುಗಳು ಬಣ್ಣವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ವಿವರದಲ್ಲಷ್ಟೇ ಉಳಿಸುತ್ತವೆ, ಯಾಕೆಂದರೆ ಮನುಷ್ಯರ ಕಣ್ಣು ಬೆಳಕಿನ ವ್ಯತ್ಯಾಸ ಹಿಡಿದಷ್ಟು ನಿಖರವಾಗಿ ಬಣ್ಣದ ವ್ಯತ್ಯಾಸ ಹಿಡಿಯುವುದಿಲ್ಲ. ಮುಖದ ಫೋಟೋದಲ್ಲಿ ಇದು ನಡೆಯುತ್ತದೆ. ಎಲೆಯ ಅಡಿಯಲ್ಲಿ ಹಸಿರಿನ ಮೇಲೆ ಕಿತ್ತಳೆ ಪುಡಿ ಕೂತಿರುವ ಚಿತ್ರ ತೆಗೆದುಕೊಳ್ಳಿ. ಅಲ್ಲಿ ಹಸಿರು ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಶುರುವಾಗುತ್ತದೆ ಅನ್ನುವುದೇ ಪಾಠ, ಜೆಪೆಗ್ ಕಲಸುವುದು ಆ ಅಂಚನ್ನೇ.

ಇನ್ನು ಒಂದೇ ಬೀಜಕಣವನ್ನು ನೋಡಿ. ಸುಮಾರು 30 ಮೈಕ್ರಾನ್ ಉದ್ದ, ಮೂತ್ರಪಿಂಡದ ಆಕಾರ. ಉಬ್ಬಿದ ಬೆನ್ನಿನ ಮೇಲೆ ಮುಳ್ಳುಮುಳ್ಳಾದ ಗುಳ್ಳೆಗಳು, ಹೊಟ್ಟೆಯ ಭಾಗ ನಯ. ಕಾಫಿ ತುಕ್ಕಿನ ಶಿಲೀಂಧ್ರ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಅಂತ ಗುರುತು ಹಿಡಿಯುವುದು ಇದರಿಂದಲೇ. ಆ ಮುಳ್ಳು ಒಂದೊಂದೂ ಪರದೆಯ ಮೇಲೆ ಕೆಲವೇ ಪಿಕ್ಸೆಲ್. ಜೆಪೆಗ್ಗನ್ನು ಬಿಗಿಯಾಗಿ ಕುಗ್ಗಿಸಿದರೆ ಬೆನ್ನೂ ಹೊಟ್ಟೆಯಷ್ಟೇ ನಯವಾಗುತ್ತದೆ. ಇನ್ನೊಂದು ಬಗೆಯ ಕೆಡುಕೂ ಇದೆ. ಕಡುಗಪ್ಪು ಅಂಚಿನ ಸುತ್ತ ಇಲ್ಲದ ನೆರಳುಗಳು ಹುಟ್ಟಿಕೊಳ್ಳುತ್ತವೆ, ಅದನ್ನು ನೋಡಿದ ಮಗು ಬೀಜಕಣಕ್ಕೆ ಎರಡು ಪದರದ ಗೋಡೆ ಇದೆ ಅಂತ ಬರೆದುಕೊಂಡರೆ ತಪ್ಪು ಮಗುವಿನದಲ್ಲ.

ಬಿಎಸ್ಸಿ ಕೊನೇ ವರ್ಷ:
ಅಕ್ಕಾ, ಹಾಗಾದ್ರೆ ಪಿಎನ್‌ಜಿಯಲ್ಲಿ ಇಟ್ಟರೆ ಸಾಕಲ್ವಾ? ಅದರಲ್ಲೂ ನಷ್ಟ ಇಲ್ಲ, 16 ಬಿಟ್ ಕೂಡ ಇದೆ, ಬ್ರೌಸರಿನಲ್ಲೂ ತೆರೆಯುತ್ತೆ. ಟಿಫ್ ಯಾಕೆ ಬೇಕು?

ಪೊನ್ನಂಪೇಟೆ ಲ್ಯಾಬ್:
ಒಳ್ಳೆ ಪ್ರಶ್ನೆ. ತೋರಿಸುವ ಪ್ರತಿಗೆ ನಾನೂ ಪಿಎನ್‌ಜಿಯನ್ನೇ ಆರಿಸಿಕೊಳ್ಳುವುದು. ಜಿಫ್ ಒಳಗಿನ ಎಲ್‌ಝಡ್‌ಡಬ್ಲ್ಯೂ ಅನ್ನುವ ಕುಗ್ಗಿಸುವ ವಿಧಾನದ ಪೇಟೆಂಟಿನ ತಂಟೆ ಬೇಡ ಅಂತ ಹುಟ್ಟಿದ ಫಾರ್ಮ್ಯಾಟ್ ಅದು, 1996ರಿಂದ ಇದೆ, ಜಿಫ್‌ನ ಹಾಗೆ 256 ಬಣ್ಣಕ್ಕೆ ಕಟ್ಟುಬಿದ್ದಿಲ್ಲ.

ಮೂಲವನ್ನು ಇಡಲು ಟಿಫ್ ಯಾಕೆ ಅಂದರೆ, ಒಂದೇ ಫೈಲಿನಲ್ಲಿ ಹಲವು ಪುಟ ಇರಬಹುದು. ಫೋಕಸ್ ಸ್ವಲ್ಪ ಸ್ವಲ್ಪ ಬದಲಿಸುತ್ತಾ ತೆಗೆದ ಸಾಲುಚಿತ್ರಗಳು ಒಟ್ಟಿಗೆ ಉಳಿಯುತ್ತವೆ. ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್ ಅನ್ನುವ ಅಳತೆಯನ್ನು ಇಮೇಜ್‌ಜೆ ಟಿಫ್ ಒಳಗೇ ಬರೆದಿಡುತ್ತದೆ. ಸಾಮಾನ್ಯ ವ್ಯೂವರುಗಳಲ್ಲಿ ಹಲವು ಮೊದಲ ಪುಟ ಮಾತ್ರ ತೋರಿಸುತ್ತವೆ, ಅದೊಂದು ನೆನಪಿರಲಿ.

ಟಿಫ್ ಅಂದ ಮಾತ್ರಕ್ಕೆ ನಷ್ಟವಿಲ್ಲ ಅಂತಲೂ ಅಲ್ಲ. 1986ರಲ್ಲಿ ಆಲ್ಡಸ್ ಕಂಪನಿ ಅದನ್ನು ಸ್ಕ್ಯಾನರುಗಳಿಗಾಗಿ ಮಾಡಿದ್ದು. ಆಮೇಲೆ ಅದು ಏನು ಬೇಕಾದರೂ ತುಂಬಬಹುದಾದ ಪೆಟ್ಟಿಗೆಯಾಯಿತು. ಒಳಗೆ ಕುಗ್ಗಿಸದ ಸಂಖ್ಯೆಗಳೂ ಇರಬಹುದು, ನಷ್ಟವಿಲ್ಲದ ಎಲ್‌ಝಡ್‌ಡಬ್ಲ್ಯೂ ಇರಬಹುದು, ಜೆಪೆಗ್ಗೂ ಇರಬಹುದು. ಕ್ಯಾಮೆರಾ ಸಾಫ್ಟ್‌ವೇರಿನ ಸೇವ್ ಕಿಟಕಿಯಲ್ಲಿ ಕಂಪ್ರೆಶನ್ ಅಂತ ಏನಿದೆ ನೋಡಿಕೊಂಡೇ ಸೇವ್ ಮಾಡಿ.

ಮಡಿಕೇರಿ ನಕ್ಷೆಗಾರ:
ಉಪಗ್ರಹದ ಚಿತ್ರಗಳ ಬಗ್ಗೆ ನಾನು ಹೇಳಬಹುದು, ಗುಡ್ಡ ಜಾರಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸ ಮಾಡಿದ್ದೇನೆ.

ಮೇಷ್ಟ್ರೇ, ನಿಮ್ಮ ಹತ್ತಿರ ಇರುವುದು ಬಹುಶಃ ಯುರೋಪಿನ ಸೆಂಟಿನೆಲ್-2 ಉಪಗ್ರಹದ್ದು. ಅದು ಉಚಿತವಾಗಿ ಸಿಗುತ್ತದೆ, 13 ಬ್ಯಾಂಡುಗಳು (ಬೆಳಕಿನ ಒಂದೊಂದು ಪಟ್ಟಿಗೆ ಒಂದೊಂದು ಪ್ರತ್ಯೇಕ ಚಿತ್ರ), ಕೆಂಪು-ಹಸಿರು-ನೀಲಿ ಮತ್ತು ಕಣ್ಣಿಗೆ ಕಾಣದ ಹತ್ತಿರದ ಅವಕೆಂಪು ಬ್ಯಾಂಡುಗಳಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್. ಫೈಲು ಜೆಪೆಗ್ 2000 ಅನ್ನುವ ಫಾರ್ಮ್ಯಾಟಿನಲ್ಲಿ ಬರುತ್ತದೆ. ಹೆಸರಲ್ಲಿ ಜೆಪೆಗ್ ಇದ್ದರೂ ಮೇಲೆ ಹೇಳಿದ ಜೆಪೆಗ್ ಅಲ್ಲ, ಒಳಗಿನ ವಿಧಾನವೇ ಬೇರೆ, ನಷ್ಟವಿಲ್ಲದೆಯೂ ಕುಗ್ಗಿಸಬಲ್ಲದು. ಒಂದು ಬ್ಯಾಂಡಿನ ಒಂದು ಹಾಳೆ 10980ಕ್ಕೆ 10980 ಪಿಕ್ಸೆಲ್, ಬಿಚ್ಚಿದರೆ ಸುಮಾರು 240 ಎಂಬಿ. ನಿಮ್ಮ ಲ್ಯಾಬಿನ ಯಂತ್ರಗಳಿಗೆ ಇದೇ ಭಾರ. ಇಡೀ ಹಾಳೆ ಬೇಡ, ನಿಮಗೆ ಬೇಕಾದ ಜಾಗವನ್ನಷ್ಟೇ ಕತ್ತರಿಸಿ ಜಿಯೋಟಿಫ್ ಮಾಡಿ. ಜಿಯೋಟಿಫ್ ಅಂದರೆ ಟಿಫ್ ಒಳಗೇ ಅಕ್ಷಾಂಶ-ರೇಖಾಂಶದ ಲೆಕ್ಕ ಬರೆದಿರುವುದು. ಅದನ್ನು ಸಾದಾ ಫೋಟೋ ಎಡಿಟರಿನಲ್ಲಿ ತೆರೆದು ಸೇವ್ ಮಾಡಿದರೆ ಆ ಲೆಕ್ಕ ಉದುರಿಹೋಗುವ ಸಂಭವ ಹೆಚ್ಚು. ಆಮೇಲೆ ಗುಡ್ಡದ ಚಿತ್ರ ಉಳಿಯುತ್ತದೆ, ಗುಡ್ಡ ಎಲ್ಲಿದೆ ಅನ್ನುವುದು ಉಳಿಯುವುದಿಲ್ಲ.

ವ್ಯೂವರ್ ಅಂದರೆ ಕ್ಯೂಜಿಐಎಸ್, ಉಚಿತ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. 2018ರ ಫೆಬ್ರುವರಿ ಹೊತ್ತಿನ ಒಂದು ಚಿತ್ರ, ಮಳೆಗಾಲ ಮುಗಿದು ಮೋಡ ತೆರವಾದ ಮೇಲಿನ ಇನ್ನೊಂದು ಚಿತ್ರ, ಎರಡನ್ನೂ ಪಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸುತ್ತೀರಿ ಅಂದುಕೊಳ್ಳಿ. ಕ್ಯೂಜಿಐಎಸ್ ಇಂಥ 16 ಬಿಟ್ ಚಿತ್ರ ತೆರೆದಾಗ ತಾನೇ ಕಾಂಟ್ರಾಸ್ಟ್ ಎಳೆಯುತ್ತದೆ. ಅತಿ ಕಡಿಮೆಯ ಶೇ. 2, ಅತಿ ಹೆಚ್ಚಿನ ಶೇ. 2 ಪಿಕ್ಸೆಲ್ಲುಗಳನ್ನು ಬಿಟ್ಟು ಉಳಿದದ್ದನ್ನು ಕಪ್ಪಿನಿಂದ ಬಿಳಿಯ ತನಕ ಹರಡುತ್ತದೆ. ಎರಡು ಚಿತ್ರಕ್ಕೂ ಬೇರೆ ಬೇರೆ ಎಳೆತ. ಆಗ ಒಂದರಲ್ಲಿ ಕಾಡು ತಿಳಿಹಸಿರು, ಇನ್ನೊಂದರಲ್ಲಿ ಕಡುಹಸಿರು ಕಂಡರೆ ಅದು ಕಾಡಿನ ಬದಲಾವಣೆಯಲ್ಲ, ವ್ಯೂವರಿನ ತೀರ್ಮಾನ. ಮೊದಲ ಚಿತ್ರಕ್ಕೆ ಕನಿಷ್ಠ-ಗರಿಷ್ಠ ಕೈಯಾರೆ ಹಾಕಿ, ಲೇಯರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಸ್ಟೈಲ್, ಎರಡನೆಯದರ ಮೇಲೆ ಪೇಸ್ಟ್ ಸ್ಟೈಲ್. ಆಮೇಲೆ ಕಾಣುವ ವ್ಯತ್ಯಾಸವನ್ನು ನಂಬಬಹುದು.

ಅವಕೆಂಪು ಬ್ಯಾಂಡನ್ನು ಕೆಂಪಿನ ಜಾಗಕ್ಕೆ ಹಾಕಿ ನೋಡಿ, ಅಂದರೆ 8, 4, 3ನೇ ಬ್ಯಾಂಡುಗಳು. ಗಿಡಮರ ಇರುವಲ್ಲೆಲ್ಲ ಕೆಂಪು ಕಾಣುತ್ತದೆ. ಅದರ ನಡುವೆ ಗುಡ್ಡದ ನೆತ್ತಿಯಿಂದ ಹೊಳೆಯವರೆಗೆ ಇಳಿದ ತಿಳಿಬಣ್ಣದ ಸೀಳುಗಳು, ಅವೇ ಜರಿದ ಜಾಗಗಳು. ತೋಟದ ಮಕ್ಕಳು ತಮ್ಮ ಊರಿನ ದಾರಿಯನ್ನು ತಾವೇ ಗುರುತಿಸುತ್ತಾರೆ. ಆ ಊರುಗಳ ಮಕ್ಕಳು ತರಗತಿಯಲ್ಲಿ ಇದ್ದರೆ ಮೊದಲೇ ಹೇಳಿ, ಒಪ್ಪಿಗೆ ಕೇಳಿ ತೋರಿಸಿ. ಮನೆ ಕಳೆದುಕೊಂಡವರಿಗೆ ಅದು ಬರೀ ಉಪಗ್ರಹ ಚಿತ್ರವಲ್ಲ.

ಗೋಣಿಕೊಪ್ಪ ಮೇಷ್ಟ್ರು:
ಕೊನೆಯ ಮಾತು ಹೇಳಿದ್ದು ಬಹಳ ಒಳ್ಳೆಯದಾಯಿತು. ಹಾಗೇ ಮಾಡುತ್ತೇನೆ.

ರೋಬಸ್ಟಾ ತೋಟ, ಸಿದ್ದಾಪುರ:
ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮಜ್ಜನ ಕಾಲದಿಂದ ತೋಟದ ಮಳೆ ಲೆಕ್ಕದ ಪುಸ್ತಕಗಳಿವೆ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು-ಸೆಂಟಿನಲ್ಲಿ ಬರೆದದ್ದು, ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಭಾಗ. ಕಾಫಿ ಹೂವರಳಿಸುವ ಹೂಮಳೆ ಯಾವತ್ತು ಬಿತ್ತು, ಅದರ ಬೆನ್ನಿಗೆ ಬರಬೇಕಾದ ಮಳೆ ಎಷ್ಟು ದಿನಕ್ಕೆ ಸಿಕ್ಕಿತು ಎಲ್ಲಾ ಉಂಟು. ಕಾಗದ ಪುಡಿಯಾಗ್ತಾ ಬಂದಿದೆ. ಸ್ಕ್ಯಾನ್ ಮಾಡಿಸಬೇಕು. ಅಂಗಡಿಯವರು ಸಣ್ಣ ಪಿಡಿಎಫ್ ಮಾಡಿಕೊಡ್ತೇನೆ ಅಂದಿದ್ದಾರೆ. ಅದೂ ವಿಜ್ಞಾನದ ಚಿತ್ರವೇ ಅಲ್ವಾ?

ಮಡಿಕೇರಿ ನಕ್ಷೆಗಾರ:
ಖಂಡಿತ ಅಣ್ಣ, ಅದಕ್ಕಿಂತ ಬೆಲೆಬಾಳುವ ದಾಖಲೆ ಈ ಜಿಲ್ಲೆಯಲ್ಲಿ ಕಡಿಮೆ. ಸಣ್ಣ ಪಿಡಿಎಫ್ ಮಾತ್ರ ಬೇಡವೇ ಬೇಡ.

ಪೊನ್ನಂಪೇಟೆ ಲ್ಯಾಬ್:
ಯಾಕೆ ಬೇಡ ಅನ್ನುವುದಕ್ಕೆ ಎಲ್ಲರೂ ತಿಳಿಯಬೇಕಾದ ಒಂದು ಸಂಗತಿ ಇದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯನ್ನು ಸ್ಕ್ಯಾನ್ ಮಾಡಿದಾಗ ಕೋಣೆಗಳ ಅಳತೆಯ ಅಂಕೆಗಳೇ ಬದಲಾಗಿದ್ದವು. ಮಸುಕಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಅಂಕೆ ಸ್ಪಷ್ಟವಾಗಿತ್ತು, ಆದರೆ ಬೇರೆ ಅಂಕೆ! ಫೈಲು ಸಣ್ಣದು ಮಾಡಲು ಆ ಯಂತ್ರ ಬಳಸುತ್ತಿದ್ದ ಜೆಬಿಗ್2 ಅನ್ನುವ ವಿಧಾನ ಪುಟದಲ್ಲಿರುವ ಒಂದೇ ಥರದ ಆಕಾರಗಳನ್ನು ಗುಂಪು ಮಾಡಿ, ಒಂದನ್ನು ಮಾತ್ರ ಇಟ್ಟುಕೊಂಡು, ಉಳಿದ ಕಡೆ ಅದನ್ನೇ ಅಂಟಿಸುತ್ತದೆ. 6 ಮತ್ತು 8 ಅದಕ್ಕೆ ಒಂದೇ ಥರ ಕಂಡರೆ 6ರ ಜಾಗದಲ್ಲಿ 8 ಕೂರುತ್ತದೆ.

ಒಂದು ಇಂಚು 60 ಸೆಂಟು ಬಿದ್ದ ಮಳೆ 80 ಸೆಂಟು ಆಗಿ ಕೂತರೆ ಐದು ಮಿಲಿಮೀಟರ್ ಹೆಚ್ಚಾಯಿತು. ಆ ಪುಸ್ತಕ ಪುಡಿಯಾದ ಮೇಲೆ ಸರಿ ಯಾವುದು ಅಂತ ಹೇಳುವವರು ಯಾರೂ ಇರುವುದಿಲ್ಲ.

ನೀವು ಹೀಗೆ ಮಾಡಿ ಅಣ್ಣ. 300 ಡಿಪಿಐ, ಶಾಯಿ ಮಾಸಿದ ಪುಟಗಳಿಗೆ 600. ಬರೀ ಕಪ್ಪು-ಬಿಳುಪು ಬೇಡ, ಬಣ್ಣದಲ್ಲಿ ಅಥವಾ ಕನಿಷ್ಠ ಗ್ರೇಸ್ಕೇಲಿನಲ್ಲಿ, ಯಾಕೆಂದರೆ ಹಳೇ ಪೆನ್ಸಿಲ್ ಗುರುತು ಅದರಲ್ಲಿ ಮಾತ್ರ ಉಳಿಯುತ್ತದೆ. ಟಿಫ್ ಅಥವಾ ಪಿಎನ್‌ಜಿ, ಪುಟಕ್ಕೊಂದು ಫೈಲು. ಎ4 ಪುಟ 300 ಡಿಪಿಐಯಲ್ಲಿ 2480ಕ್ಕೆ 3508 ಪಿಕ್ಸೆಲ್, ಗ್ರೇಸ್ಕೇಲಿನಲ್ಲಿ ಕುಗ್ಗಿಸದೇ ಇಟ್ಟರೂ ಒಂಬತ್ತು ಎಂಬಿ ಒಳಗೆ. ಇಡೀ ಕಪಾಟಿನ ಪುಸ್ತಕಗಳು ಒಂದು ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಕೂರುತ್ತವೆ. ಅಂಗಡಿಯವರು ಪುಟಗಳನ್ನು ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅಲ್ಲೇ ಕುಗ್ಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಅದಕ್ಕಿಂತ ಪೆನ್ ಡ್ರೈವೇ ಮೇಲು.

ರೋಬಸ್ಟಾ ತೋಟ, ಸಿದ್ದಾಪುರ:
ಇಷ್ಟು ದೂರ ಯೋಚನೆ ಮಾಡಿರಲಿಲ್ಲ. ನಾಳೆಯೇ ಅಂಗಡಿಗೆ ಹೋಗಿ ಮಾತಾಡ್ತೇನೆ. ಉಪಕಾರ ಆಯ್ತು ಮೇಡಂ.

ಎಕ್ಸ್‌ರೇ ಕೋಣೆ:
ಮೇಷ್ಟ್ರ ಪಟ್ಟಿಯಲ್ಲಿ ವೈದ್ಯಕೀಯ ಚಿತ್ರ ಇಲ್ಲ, ಆದರೂ ಮುಂದೆ ಯಾರಾದರೂ ಸೇರಿಸುತ್ತಾರೆ, ಅದಕ್ಕೆ ಹೇಳಿಡುತ್ತೇನೆ. ನಮ್ಮಲ್ಲಿ ಎಲ್ಲವೂ ಡೈಕಾಮ್ ಫಾರ್ಮ್ಯಾಟ್. ಸಿಟಿ ಸ್ಕ್ಯಾನಿನ ಪಿಕ್ಸೆಲ್ ಬೆಲೆಗೆ ಭೌತಿಕ ಅರ್ಥ ಇದೆ. ನೀರು ಅಂದರೆ 0, ಗಾಳಿ ಅಂದರೆ -1000, ಮೂಳೆ ನೂರಾರಿನಿಂದ ಸಾವಿರದ ಮೇಲೆ. ಇಷ್ಟು ವ್ಯಾಪ್ತಿಯನ್ನು 256 ಛಾಯೆಯ ಪರದೆಯ ಮೇಲೆ ಒಟ್ಟಿಗೆ ತೋರಿಸಿದರೆ ಎಲ್ಲವೂ ಬೂದು. ಅದಕ್ಕೇ ವಿಂಡೋ ಹಾಕಿ, ಅಂದರೆ ಬೇಕಾದ ವ್ಯಾಪ್ತಿಯನ್ನಷ್ಟೇ ಕಪ್ಪಿನಿಂದ ಬಿಳಿಯ ತನಕ ಹರಡಿ ನೋಡುವುದು: ಶ್ವಾಸಕೋಶಕ್ಕೆ -600ರ ಸುತ್ತ ಅಗಲವಾದ ವಿಂಡೋ, ಮೂಳೆಗೆ ಬೇರೆ, ಮಿದುಳಿಗೆ ಬಹಳ ಕಿರಿದು. ಶ್ವಾಸಕೋಶದ ವಿಂಡೋದಲ್ಲಿ ಜೆಪೆಗ್ ಮಾಡಿಬಿಟ್ಟರೆ ಅದರಲ್ಲಿ ಮೂಳೆ ಬರೀ ಬಿಳಿ, ಏನು ಮಾಡಿದರೂ ಒಳಗಿನ ವಿವರ ವಾಪಸ್ ಬರದು. ನೋಡಲು ವೀಸಿಸ್ ಇದೆ, ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ.

ಡೈಕಾಮ್ ಫೈಲಿನೊಳಗೆ ರೋಗಿಯ ಹೆಸರು, ಹುಟ್ಟಿದ ದಿನ, ಆಸ್ಪತ್ರೆ ಎಲ್ಲಾ ಇರುತ್ತದೆ. ಪಾಠಕ್ಕೆ ಕೊಡುವ ಮೊದಲು ಅದನ್ನು ತೆಗೆಯಲೇಬೇಕು. ಅಲ್ಟ್ರಾಸೌಂಡಿನಲ್ಲಿ ಹೆಸರು ಚಿತ್ರದ ಪಿಕ್ಸೆಲ್ಲಿನಲ್ಲೇ ಅಚ್ಚಾಗಿರುವುದುಂಟು, ಹೆಡರ್, ಅಂದರೆ ಫೈಲಿನ ಮಾಹಿತಿಭಾಗ, ಅಳಿಸಿದರೆ ಅದು ಹೋಗುವುದಿಲ್ಲ. ಊರು ಸಣ್ಣದು, ಎಲ್ಲರಿಗೂ ಎಲ್ಲರ ಗುರುತು ಇದೆ.

ಪುಷ್ಪಗಿರಿ ರಾತ್ರಿ:
ಫಿಟ್ಸ್ ನನ್ನ ಪಾಲಿಗೆ ಬಿಡಿ. ಖಗೋಳದವರ ಫಾರ್ಮ್ಯಾಟ್, 1981ರಲ್ಲಿ ಪ್ರಕಟವಾಯಿತು, ಈಗಲೂ ಅದೇ. ಅವತ್ತು ಬರೆದ ಫೈಲನ್ನು ಇವತ್ತಿನ ಪ್ರೋಗ್ರಾಮ್ ತೆರೆಯುತ್ತದೆ, ಹಾಗಾಗಲೇಬೇಕು ಅನ್ನುವುದು ಅವರು ಬಿಡದೆ ಪಾಲಿಸಿಕೊಂಡು ಬಂದ ನಿಯಮ. ಈ ಒಂದು ಗುಣಕ್ಕೆ ನನಗೆ ಆ ಫಾರ್ಮ್ಯಾಟಿನ ಮೇಲೆ ಬಹಳ ಗೌರವ.

ಫೈಲಿನ ತಲೆಭಾಗ ಸಾದಾ ಅಕ್ಷರಗಳಲ್ಲೇ ಇರುತ್ತದೆ, ಒಂದೊಂದು ಸಾಲು 80 ಅಕ್ಷರ, 36 ಸಾಲು ಸೇರಿ 2880 ಬೈಟಿನ ಒಂದು ಕಟ್ಟು. ನೋಟ್‌ಪ್ಯಾಡಿನಲ್ಲಿ ತೆರೆದರೂ ಮೊದಲ ಭಾಗ ಓದಬಹುದು. ಯಾವ ದೂರದರ್ಶಕ, ಯಾವ ಫಿಲ್ಟರ್, ಎಷ್ಟು ಸೆಕೆಂಡಿನ ಎಕ್ಸ್‌ಪೋಷರ್ ಅಂತ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಅಂದರೆ ಚಿತ್ರ ಮತ್ತು ಅದರ ವಿವರ ಬೇರೆಯಾಗುವುದಿಲ್ಲ.

ವ್ಯೂವರ್: ಎಸ್‌ಎಒ ಇಮೇಜ್ ಡಿಎಸ್9. ತೆರೆದ ಕೂಡಲೇ ಕಪ್ಪು ಹಿನ್ನೆಲೆಯಲ್ಲಿ ನಾಲ್ಕಾರು ಚುಕ್ಕೆ ಮಾತ್ರ ಕಾಣಬಹುದು. ಸ್ಕೇಲ್ ಮೆನುವಿನಲ್ಲಿ ಲೀನಿಯರ್ ಬದಲು ಲಾಗ್, ಆಮೇಲೆ ಝಡ್‌ಸ್ಕೇಲ್ ಹಾಕಿ. ನಕ್ಷತ್ರಗಳ ನಡುವೆ ಗ್ಯಾಲಕ್ಸಿಯ ತೋಳುಗಳು ಮೂಡುತ್ತವೆ. ಮಕ್ಕಳ ಎದುರಿಗೇ ಈ ಬದಲಾವಣೆ ಮಾಡಿ ತೋರಿಸಿ, ಮುಗಿದ ಚಿತ್ರ ತೋರಿಸುವುದಕ್ಕಿಂತ ಇದರಲ್ಲಿ ಕಲಿಕೆ ಹೆಚ್ಚು. ಸಂಶೋಧನೆಯ ದೂರದರ್ಶಕದ ಕ್ಯಾಮೆರಾ ಸಾಮಾನ್ಯವಾಗಿ ಬಣ್ಣ ತೆಗೆಯುವುದಿಲ್ಲ, ಒಂದೊಂದು ಫಿಲ್ಟರಿನಲ್ಲಿ ಕಪ್ಪು-ಬಿಳುಪು ತೆಗೆದು ಆಮೇಲೆ ಬಣ್ಣ ಹಚ್ಚುತ್ತಾರೆ ಅನ್ನುವುದೂ ಆಗ ಅರ್ಥವಾಗುತ್ತದೆ. 2015ರಲ್ಲಿ ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್‌ನ ದತ್ತಾಂಶವೂ ಫಿಟ್ಸ್‌ನಲ್ಲೇ ಸಿಗುತ್ತದೆ. ನಮ್ಮದೇ ಉಪಗ್ರಹ, ನೇರಳಾತೀತ ಕಿರಣದಲ್ಲಿ ಕಂಡ ಆಕಾಶ, ಬೆಂಗಳೂರಿನ ಹತ್ತಿರದ ಬ್ಯಾಲಾಳಿಗೆ ಬಂದಿಳಿಯುವ ದತ್ತಾಂಶ. ಮಕ್ಕಳಿಗೆ ಇದನ್ನು ಹೇಳಬೇಕು.

ಗೋಣಿಕೊಪ್ಪ ಮೇಷ್ಟ್ರು:
ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಫಿಜಿ ಹಾಕಿದೆ, ಕಪ್ಪು ಫೈಲುಗಳಲ್ಲಿ ಬೀಜಕಣಗಳು ಕಂಡವು, ಬೆನ್ನಿನ ಮುಳ್ಳುಗಳ ಸಮೇತ.

ಜೆಪೆಗ್ ಪರೀಕ್ಷೆಯನ್ನೂ ಮಾಡಿದೆವು. ಎಲೆಯ ಬಣ್ಣದ ಚಿತ್ರವನ್ನು ಒಮ್ಮೆ ಪಿಎನ್‌ಜಿಯಾಗಿ, ಒಮ್ಮೆ ಜೆಪೆಗ್ ಆಗಿ ಸೇವ್ ಮಾಡಿ, ಎರಡನ್ನೂ ತೆರೆದು ಪ್ರೋಸೆಸ್ ಮೆನುವಿನ ಇಮೇಜ್ ಕ್ಯಾಲ್ಕುಲೇಟರಿನಲ್ಲಿ ಡಿಫರೆನ್ಸ್ ಕೊಟ್ಟೆವು. ಮೊದಲಿಗೆ ಕಪ್ಪೇ ಕಂಡಿತು, ವ್ಯತ್ಯಾಸವಿಲ್ಲವೇನೋ ಅಂತ ಮಕ್ಕಳು ಅಂದರು. ಕಾಂಟ್ರಾಸ್ಟ್ ಏರಿಸಿದ ಮೇಲೆ ಕಿತ್ತಳೆ ಮಚ್ಚೆಗಳ ಅಂಚಿನುದ್ದಕ್ಕೂ ಸಣ್ಣ ಸಣ್ಣ ಚೌಕಗಳು ಎದ್ದವು. ಎಲೆಯ ಬಯಲು ಭಾಗದಲ್ಲಿ ಏನೂ ಇಲ್ಲ, ಅಂಚಿನಲ್ಲಿ ಮಾತ್ರ. ಒಬ್ಬಳು ಪರದೆಗೆ ಮೂಗು ತಾಗಿಸಿಕೊಂಡು ಎಣಿಸಿ ಎಂಟೇ ಪಿಕ್ಸೆಲ್ ಸರ್ ಅಂದಳು. ಆ ತರಗತಿ ಗಂಟೆ ಹೊಡೆದರೂ ಏಳಲಿಲ್ಲ.

ಈಗ ಉಳಿದದ್ದು ಎರಡು. ದೊಡ್ಡ ಚಿತ್ರಗಳನ್ನು ತೆರೆದರೆ ಹಳೇ ಕಂಪ್ಯೂಟರುಗಳು ನಿಂತುಬಿಡುತ್ತವೆ. ಇನ್ನೊಂದು, ಪ್ರತಿ ಕಂಪ್ಯೂಟರಿಗೂ ನಾಲ್ಕು ವ್ಯೂವರ್ ಹಾಕಿ ಮಕ್ಕಳಿಗೆ ಕಲಿಸುವುದು ಕಷ್ಟ.

ಕಾಫಿನಾಡು ಕೋಡ್:
ಮೇಷ್ಟ್ರೇ, ತೋರಿಸುವ ಪ್ರತಿಗೆ ಬ್ರೌಸರೇ ವ್ಯೂವರ್ ಆಗಲಿ. ದೊಡ್ಡ ಚಿತ್ರವನ್ನು ಸಣ್ಣ ಸಣ್ಣ ಹಂಚುಗಳಾಗಿ ಕತ್ತರಿಸಿಡುವ ವಿಧಾನ ಇದೆ. ಹಂಚು ಒಂದೊಂದೂ 256 ಪಿಕ್ಸೆಲ್ ಅಂದುಕೊಳ್ಳಿ. ಪೂರ್ತಿ ಚಿತ್ರದ ಅರ್ಧ ಗಾತ್ರ, ಕಾಲು ಗಾತ್ರ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೊದಲೇ ಮಾಡಿಟ್ಟಿರುತ್ತದೆ. ವಿದ್ಯಾರ್ಥಿ ಎಲ್ಲಿ ಝೂಮ್ ಮಾಡುತ್ತಾನೋ ಅಲ್ಲಿನ ಹಂಚುಗಳು ಮಾತ್ರ ತೆರೆಯುತ್ತವೆ, ನಾವು ನಕ್ಷೆ ನೋಡುವ ವೆಬ್‌ಸೈಟುಗಳು ಕೆಲಸ ಮಾಡುವುದೂ ಹಾಗೆಯೇ. 240 ಎಂಬಿ ಚಿತ್ರವಾದರೂ ಹಳೇ ಕಂಪ್ಯೂಟರಿಗೆ ಒಂದು ಸಲಕ್ಕೆ ಹತ್ತಿಪ್ಪತ್ತು ಹಂಚಿನ ಕೆಲಸ ಅಷ್ಟೆ.

ಕತ್ತರಿಸಲು ವಿಪ್ಸ್, ತೋರಿಸಲು ಓಪನ್‌ಸೀಡ್ರ್ಯಾಗನ್. ಎರಡೂ ಉಚಿತ. ಲ್ಯಾಬಿನಲ್ಲಿ ಇರುವುದರಲ್ಲಿ ಗಟ್ಟಿಯಾದ ಒಂದು ಕಂಪ್ಯೂಟರನ್ನು ಸರ್ವರ್ ಮಾಡಿ ಉಳಿದವನ್ನು ಕೇಬಲ್ಲಿನಲ್ಲಿ ಜೋಡಿಸಿ. ಇಂಟರ್ನೆಟ್ ಬೇಡ. ಆಷಾಢದ ಮಳೆಯಲ್ಲಿ ನೆಟ್‌ವರ್ಕ್ ಹೋದರೂ ಪಾಠ ನಿಲ್ಲುವುದಿಲ್ಲ, ಕರೆಂಟಿಗೆ ಇನ್ವರ್ಟರ್ ಇದ್ದರೆ ಸಾಕು. ಹಂಚುಗಳನ್ನು ಪಿಎನ್‌ಜಿಯಲ್ಲೇ ಮಾಡಿಸಿ, ಸುಮ್ಮನೆ ಬಿಟ್ಟರೆ ಜೆಪೆಗ್ ಆಗುತ್ತವೆ.

ಬ್ರೌಸರ್ ಝೂಮ್ ಮಾಡುವಾಗ ಪಿಕ್ಸೆಲ್ಲುಗಳ ನಡುವೆ ತಾನೇ ಬಣ್ಣ ತುಂಬಿ ನಯ ಮಾಡುತ್ತದೆ. ಫೋಟೋಗೆ ಅದು ಚಂದ. 10 ಮೀಟರಿನ ಉಪಗ್ರಹ ಪಿಕ್ಸೆಲ್ ನಯವಾಗಿ ಕಂಡರೆ ಅಲ್ಲಿಲ್ಲದ ವಿವರ ಇದ್ದ ಹಾಗೆ ಕಾಣುತ್ತದೆ. ಓಪನ್‌ಸೀಡ್ರ್ಯಾಗನ್ನಿನಲ್ಲಿ ಆ ನಯಗೊಳಿಸುವಿಕೆಯನ್ನು ನಿಲ್ಲಿಸಬಹುದು. ಚೌಕ ಚೌಕವಾಗಿಯೇ ಕಾಣಲಿ, ಉಪಗ್ರಹಕ್ಕೆ ಕಂಡದ್ದು ಅಷ್ಟೇ ಅನ್ನುವುದು ಮಕ್ಕಳಿಗೂ ತಿಳಿಯಲಿ.

ಪೊನ್ನಂಪೇಟೆ ಲ್ಯಾಬ್:
ಇದು ಬಹಳ ಚೆನ್ನಾಗಿದೆ, ನಮ್ಮಲ್ಲೂ ಮಾಡಬೇಕು. ತೋರಿಸುವ ಪ್ರತಿ ಮಾಡುವಾಗ ಒಂದು ಎಚ್ಚರ. ಇಮೇಜ್‌ಜೆ 16 ಬಿಟ್‌ನಿಂದ 8 ಬಿಟ್‌ಗೆ ಇಳಿಸುವಾಗ ಆ ಹೊತ್ತಿಗೆ ಪರದೆಯ ಮೇಲೆ ಇರುವ ಕನಿಷ್ಠ-ಗರಿಷ್ಠವನ್ನೇ 0 ಮತ್ತು 255ಕ್ಕೆ ಹೊಂದಿಸುತ್ತದೆ. ಎರಡು ಎಲೆಗಳನ್ನು ಹೋಲಿಸುವ ಪಾಠವಾದರೆ ಎರಡಕ್ಕೂ ಒಂದೇ ಕನಿಷ್ಠ-ಗರಿಷ್ಠವನ್ನು ಸೆಟ್ ಗುಂಡಿಯಲ್ಲಿ ಟೈಪ್ ಮಾಡಿ, ಆಮೇಲೆ ಇಳಿಸಿ. ಉಪಗ್ರಹದ ಚಿತ್ರಕ್ಕೆ ನಕ್ಷೆಗಾರರು ಹೇಳಿದ್ದು ಇಲ್ಲಿಗೂ ಅನ್ವಯ.

ಅಳತೆಗೆರೆ, ಅಂದರೆ ಇಷ್ಟುದ್ದ ಇಷ್ಟು ಮೈಕ್ರಾನ್ ಅಂತ ಚಿತ್ರದಲ್ಲಿ ತೋರಿಸುವ ಗೆರೆ, ಮರೆಯಬೇಡಿ. ಸ್ಟೇಜ್ ಮೈಕ್ರೋಮೀಟರ್ ಅನ್ನುವ ಗಾಜಿನ ಸ್ಲೈಡಿನ ಮೇಲೆ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿರುತ್ತಾರೆ, ಒಂದು ಭಾಗ ಅಂದರೆ 10 ಮೈಕ್ರಾನ್. ಅದೇ ಲೆನ್ಸಿನಲ್ಲಿ ಅದರ ಚಿತ್ರ ತೆಗೆದು, ಗೆರೆ ಎಳೆದು, ಅನಲೈಸ್ ಮೆನುವಿನ ಸೆಟ್ ಸ್ಕೇಲ್‌ನಲ್ಲಿ ಅಳತೆ ಕೊಡಿ. ‘400 ಪಟ್ಟು ದೊಡ್ಡದು’ ಅಂತ ಚಿತ್ರದ ಕೆಳಗೆ ಬರೆದರೆ ಪ್ರೊಜೆಕ್ಟರಿಗೆ ಹಾಕಿದ ಕೂಡಲೇ ಆ ಮಾತು ಸುಳ್ಳಾಗುತ್ತದೆ. ಅಳತೆಗೆರೆ ಚಿತ್ರದ ಜೊತೆಗೇ ಹಿಗ್ಗುತ್ತದೆ. ಮೂಲ ಫೈಲಿನ ಪಿಕ್ಸೆಲ್ಲಿನ ಮೇಲೆ ಅದನ್ನು ಅಚ್ಚೊತ್ತಬೇಡಿ, ಓವರ್‌ಲೇ ಅಂತ ಆರಿಸಿ. ತೋರಿಸುವ ಪ್ರತಿಯಲ್ಲಿ ಮಾತ್ರ ಅಚ್ಚಾಗಲಿ.

ಬಿಎಸ್ಸಿ ಕೊನೇ ವರ್ಷ:
ನನ್ನ ಪ್ರಾಜೆಕ್ಟಿನಲ್ಲಿ ಗುಡ್ಡದ ಎತ್ತರವನ್ನು ಕಾಮನಬಿಲ್ಲಿನ ಬಣ್ಣದಲ್ಲಿ ತೋರಿಸಿದ್ದೆ. ಪರೀಕ್ಷಕರು ಬಣ್ಣ ಬದಲಾಯಿಸು ಅಂದರು, ಕಾರಣ ಹೇಳಲಿಲ್ಲ. ಯಾಕೆ ಅಂತ ಇಲ್ಲಿ ಯಾರಾದರೂ ಹೇಳ್ತೀರಾ?

ಮಡಿಕೇರಿ ನಕ್ಷೆಗಾರ:
ಕಾಮನಬಿಲ್ಲಿನಲ್ಲಿ ಹಳದಿ ಎಲ್ಲಕ್ಕಿಂತ ಹೊಳೆಯುತ್ತದೆ. ಎತ್ತರ ಸಮನಾಗಿ ಏರುತ್ತಿದ್ದರೂ ಹಳದಿ ಬರುವಲ್ಲಿ ಒಂದು ಅಂಚು ಇದ್ದ ಹಾಗೆ ಕಣ್ಣಿಗೆ ಕಾಣುತ್ತದೆ, ಹಸಿರಿನ ಉದ್ದಕ್ಕೂ ನಿಜವಾಗಿ ಇರುವ ಏರಿಳಿತ ಅಡಗಿಹೋಗುತ್ತದೆ. ಕಪ್ಪು-ಬಿಳುಪಿನಲ್ಲಿ ಮುದ್ರಿಸಿದರೆ ಮೇಲು ಯಾವುದು ಕೆಳಗೆ ಯಾವುದು ಗೊತ್ತೇ ಆಗದು. ವಿರಿಡಿಸ್ ಅನ್ನುವ ಬಣ್ಣಪಟ್ಟಿ ಹಾಕು. ಕಡುನೇರಳೆಯಿಂದ ಹಸಿರಿನ ಮೂಲಕ ಹಳದಿಗೆ ಹೋಗುತ್ತದೆ, ಹೊಳಪು ಒಂದೇ ಸಮನೆ ಏರುತ್ತದೆ. ಗ್ರಾಫ್ ಬಿಡಿಸುವ ಸಾಫ್ಟ್‌ವೇರ್ ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ಅದನ್ನೇ ತನ್ನ ಮೊದಲ ಆಯ್ಕೆ ಮಾಡಿಕೊಂಡಿತು. ಕ್ಯೂಜಿಐಎಸ್ ಒಳಗೂ ಇದೆ, ಫಿಜಿ ಒಳಗೂ ಇದೆ.

ಪೊನ್ನಂಪೇಟೆ ಲ್ಯಾಬ್:
ಜೊತೆಗೆ ಕೆಂಪು-ಹಸಿರು ಬೇರ್ಪಡಿಸಿ ಕಾಣದ ಮಕ್ಕಳು, ಅದರಲ್ಲೂ ಗಂಡುಮಕ್ಕಳು, ಬಹಳಷ್ಟು ತರಗತಿಗಳಲ್ಲಿ ಒಬ್ಬರಾದರೂ ಇರುತ್ತಾರೆ, ಅವರಿಗೇ ಅದು ಗೊತ್ತಿರುವುದಿಲ್ಲ. ಎರಡು ಬಣ್ಣದಲ್ಲಿ ಎರಡು ವಸ್ತು ತೋರಿಸುವಾಗ ಹಸಿರಿಗೆ ಜೊತೆಯಾಗಿ ಕೆಂಪಿನ ಬದಲು ಮಜೆಂತಾ ಹಾಕಿ. ಮೇಷ್ಟ್ರೇ, ನಿಮ್ಮ ತುಕ್ಕಿನ ಎಲೆಯ ಚಿತ್ರ ಇದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಹಸಿರಿನ ಮೇಲೆ ಕಿತ್ತಳೆ. ಅದರ ಬಣ್ಣ ಬದಲಾಯಿಸಬೇಡಿ, ತುಕ್ಕಿನ ಬಣ್ಣವೇ ಅದು. ಪಕ್ಕದಲ್ಲಿ ಅದೇ ಚಿತ್ರದ ಕೆಂಪು ಚಾನೆಲ್ಲನ್ನು ಮಾತ್ರ, ಅಂದರೆ ಕೆಂಪು ಬೆಳಕಿನ ಅಳತೆಯನ್ನಷ್ಟೇ, ಕಪ್ಪು-ಬಿಳುಪಿನಲ್ಲಿ ಇಡಿ. ಕೆಂಪಿನ ಚಾನೆಲ್ಲಿನಲ್ಲಿ ಎಲೆ ಕಪ್ಪಗೆ, ಮಚ್ಚೆಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ, ಎಲ್ಲ ಮಕ್ಕಳಿಗೂ ಕಾಣುತ್ತದೆ. ಇಮೇಜ್‌ಜೆಯಲ್ಲಿ ಸ್ಪ್ಲಿಟ್ ಚಾನೆಲ್ಸ್ ಒತ್ತಿದರೆ ಆಯಿತು.

ಗೋಣಿಕೊಪ್ಪ ಮೇಷ್ಟ್ರು:
ಈಗಲೇ ಮಾಡಿ ನೋಡಿದೆ. ಮಚ್ಚೆಗಳು ಎಣಿಸುವಷ್ಟು ಸ್ಪಷ್ಟ. ಮೂಲ ಫೈಲುಗಳನ್ನೆಲ್ಲ ‘ಮೂಲ’ ಅನ್ನುವ ಫೋಲ್ಡರಿಗೆ ಹಾಕಿ ಓದಲು ಮಾತ್ರ ಅಂತ ಬೀಗ ಹಾಕಿದ್ದೇನೆ, ಒಂದು ಪ್ರತಿ ಪ್ರಿನ್ಸಿಪಾಲರ ಕಪಾಟಿನ ಹಾರ್ಡ್ ಡಿಸ್ಕಿನಲ್ಲಿದೆ. ಬೀಜಕಣಗಳ ಗುರುತನ್ನು ಒಮ್ಮೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರಿಗೂ ತೋರಿಸಿ ಖಚಿತ ಮಾಡಿಕೊಳ್ಳುತ್ತೇನೆ. ಕಾಫಿನಾಡು ಕೋಡ್ ಅವರೇ, ವಿಪ್ಸ್‌ಗೆ ಕೊಡಬೇಕಾದ ಆಜ್ಞೆಯನ್ನು ಇಲ್ಲೇ ಬರೆಯುತ್ತೀರಾ, ಬೇರೆ ಕಾಲೇಜಿನವರಿಗೂ ಸಿಗಲಿ.

ಕಾಫಿನಾಡು ಕೋಡ್:
ಬರೆಯುತ್ತೇನೆ ಸರ್, ಲಿನಕ್ಸಿಗೂ ವಿಂಡೋಸಿಗೂ ಬೇರೆ ಬೇರೆಯಾಗಿ. ಸಂಜೆ ತೋಟದಿಂದ ಬಂದು ಹಾಕುತ್ತೇನೆ. ಅಷ್ಟರಲ್ಲಿ ಒಂದು ಚಿತ್ರವನ್ನು 8 ಬಿಟ್ ಪಿಎನ್‌ಜಿ ಮಾಡಿಟ್ಟಿರಿ, ಅದರ ಮೇಲೆ ಮೊದಲು ಪ್ರಯತ್ನಿಸೋಣ.